ಹಳೆಯ ಕಾರಿಗೆ ಹೊಸ ಗೇರ್‌ಬಾಕ್ಸು

ಮನೆಯಲ್ಲಿ ಹಿರಿಯರ ಕಾಲದಿಂದ ಉಳಿದು ಬಂದ ವಸ್ತುಗಳು ಎರಡು ಬಗೆಯಾಗಿರುವುವು. ಪೆಟ್ಟಿಗೆಯಲ್ಲಿಟ್ಟು ಕಾಪಾಡತಕ್ಕವು ಕೆಲವು. ಬಳಸುತ್ತ ಬಳಸುತ್ತಲೇ ಕಾಪಾಡತಕ್ಕವು ಕೆಲವು. ಅಜ್ಜಿಯ ಮದುವೆಯ ಜರತಾರಿ ಸೀರೆಯು ಮೊದಲನೆಯ ಬಗೆಗೆ ಸೇರಿದುದು. ಆಕೆ ಅನ್ನ ಮಾಡುತ್ತಿದ್ದ ಹಿತ್ತಾಳೆಯ ತಪ್ಪಲೆಯು ಎರಡನೆಯ ಬಗೆಗೆ ಸೇರಿದುದು. ತಪ್ಪಲೆಯ ಕಲಾಯಿ ಹೋದರೆ ಮತ್ತೆ ಕಲಾಯಿ ಹಾಕಿಸುವೆವು. ಅಷ್ಟರಿಂದ ಅದು ಅಜ್ಜಿಯ ತಪ್ಪಲೆಯಲ್ಲದೆ ಹೋಯಿತೆಂದು ಯಾರೂ ಹೇಳುವುದಿಲ್ಲ. ಆದರೆ ಅದರ ಕಂಠವನ್ನು ಕತ್ತರಿಸಿ, ಪಕ್ಕದಲ್ಲಿ ತೂತು ಕೊರೆದು, ಹೊಸದೊಂದು ಹಿಡಿಯನ್ನು ಬೆಸೆದೆವಾದರೆ, ಮರುದಿನ ಮನಸ್ಸು ಬದಲಾದರೂ ಹಳೆಯ ತಪ್ಪಲೆಯು ಮರಳಿ ಬಾರದು. ಹಳೆಯ ಮೋಟಾರು ಕಾರಿಗೆ ಹೊಸ ಗೇರ್‌ಬಾಕ್ಸನ್ನು ಕೂಡಿಸುವ ವಿಚಾರದಲ್ಲಿ ಎದುರಾಗುವ ಪ್ರಶ್ನೆಯೂ ಇಂತಹುದೇ ಆಗಿದೆ: ನಾವು ಮಾಡಹೊರಟಿರುವುದು ಕಲಾಯಿಯ ಕೆಲಸವೋ, ಕತ್ತರಿಯ ಕೆಲಸವೋ?

ಬಹುಕಾಲದಿಂದ ಅಮೆರಿಕದಲ್ಲಿ ನೆಲೆಸಿರುವ ಓದುಗ ಮಹನೀಯರೊಬ್ಬರು ಈ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಕೇಳಿ ಬರೆದಿರುವರು. ಅವರಲ್ಲಿ ೧೯೬೫ ನೆಯ ಇಸವಿಯ ಷೆವರ್ಲೆ ಇಂಪಾಲಾ ಕಾರೊಂದು ಇದೆಯಂತೆ. ಅದರಲ್ಲಿರುವುದು ಎರಡೇ ಗೇರುಗಳುಳ್ಳ ‘ಪವರ್‌ಗ್ಲೈಡ್’ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸು. ಹೆದ್ದಾರಿಯಲ್ಲಿ ಇಂಜಿನು ಬಹಳವಾಗಿ ಅರಚುವುದೆಂದೂ, ಈ ಗೇರ್‌ಬಾಕ್ಸನ್ನು ತೆಗೆದು ನಾಲ್ಕು ಗೇರುಗಳುಳ್ಳದ್ದನ್ನು ಹಾಕಿಸಬೇಕೆಂದೂ ಮಗನು ಹಟ ಹಿಡಿದಿರುವನಂತೆ. ಹಳೆಯ ಕಾರುಗಳಲ್ಲಿ ಅಭಿಮಾನವುಳ್ಳ ಮಿತ್ರರು, ಕಾರ್ಖಾನೆಯಿಂದ ಹೊರಬಂದಂತೆಯೇ ಅದು ಇರತಕ್ಕದ್ದು, ಒಂದು ಬೋಲ್ಟನ್ನೂ ಬದಲಿಸಕೂಡದು ಎನ್ನುವರಂತೆ. ಮನೆಯಾಕೆಯಾದರೋ, ವರ್ಷಕ್ಕೆ ಎರಡು ಸಲ ಹೊರಗೆ ಬರುವ ಗಾಡಿಗಾಗಿ ಇಷ್ಟು ವಾದವೇಕೆ, ಎಲ್ಲರೂ ಕುಳಿತು ನಾಲ್ಕೂರು ಸುತ್ತಿ ಬರುವಂತಿದ್ದರೆ ಇರಲಿ, ಇಲ್ಲವಾದರೆ ಕೊಟ್ಟುಬಿಡಿ ಎಂದಿರುವರಂತೆ. ಮೂರು ಮಾತುಗಳಲ್ಲಿಯೂ ನ್ಯಾಯವಿದೆ. ಆದರೆ ಮೂರನೆಯ ಮಾತೇ ಹೆಚ್ಚು ತೂಕದ್ದೆಂದು ನಮಗೆ ತೋರುತ್ತದೆ. ಏಕೆಂದರೆ, ಮನೆಯವರಿಗೆ ಬೇಡವಾದ ಹಳೆಯ ಕಾರು ಮನೆಯಲ್ಲಿ ಬಹುಕಾಲ ನಿಲ್ಲುವುದಿಲ್ಲ.

ಮೊದಲು ಪವರ್‌ಗ್ಲೈಡಿನ ಪೂರ್ವವೃತ್ತಾಂತವನ್ನು ಸ್ವಲ್ಪ ನೋಡೋಣ. ಕ್ಲಚ್ಚನ್ನು ತುಳಿಯದೆ ತಾನಾಗಿಯೇ ಗೇರು ಬದಲಾಯಿಸುವ ಯಂತ್ರವು ‘ಹೈಡ್ರಮ್ಯಾಟಿಕ್’ ಎಂಬ ಹೆಸರಿನಿಂದ ೧೯೪೦ ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಬಂದಿತು. ಆಗ ಅದು ಉಳ್ಳವರ ಸೌಕರ್ಯವಾಗಿತ್ತು. ೧೯೫೦ ರಲ್ಲಿ ಷೆವರ್ಲೆಯವರು ಪವರ್‌ಗ್ಲೈಡನ್ನು ಹೊರತಂದು, ಆ ಸೌಕರ್ಯವನ್ನು ಕಡಮೆ ಬೆಲೆಯ ಕಾರಿಗೂ ಇಳಿಸಿದರು. ಮೊದಲಲ್ಲಿ ಅದರ ಹೊರಕವಚವು ಎರಕದ ಕಬ್ಬಿಣದ್ದಾಗಿತ್ತು; ೧೯೬೨ ರಿಂದ ಅಲ್ಯೂಮಿನಿಯಮಿನದು ಬಂದಿತು. ೧೯೭೩ ರ ವರೆಗೂ ಅದು ಕಾರುಗಳಲ್ಲಿ ಬರುತ್ತಿದ್ದಿತು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದ ಯಂತ್ರವನ್ನು ಕೀಳೆಂದು ಹಳಿಯುವುದು ನ್ಯಾಯವಲ್ಲ. ಅದು ಸರಳ, ಗಟ್ಟಿ. ಅದರ ಕೊರತೆಯೆಲ್ಲ ಮೆಟ್ಟಿಲುಗಳ ಸಂಖ್ಯೆಯಲ್ಲಿದೆ.

ಈ ಮಾತು ತಿಳಿಯಬೇಕಾದರೆ ಒಳಗಿನ ಕೆಲಸವನ್ನು ಅರಿಯಬೇಕು. ಮಜ್ಜಿಗೆ ಕಡೆಯುವಾಗ ಗಡಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳದಿದ್ದರೆ ಏನಾಗುವುದೆಂದು ನಮ್ಮ ಮನೆಯ ಹೆಂಗಸರೆಲ್ಲರೂ ಬಲ್ಲರು. ಕಡೆಗೋಲು ತಿರುಗುವುದು, ಅದರೊಡನೆ ಮಜ್ಜಿಗೆ ತಿರುಗುವುದು, ಮಜ್ಜಿಗೆಯ ಸೆಳೆತಕ್ಕೆ ಗಡಿಗೆಯೂ ತಿರುಗಲು ತೊಡಗುವುದು. ಕಡೆಗೋಲಿಗೂ ಗಡಿಗೆಗೂ ನಡುವೆ ಕಟ್ಟಿದ ಹಗ್ಗವಿಲ್ಲ. ದ್ರವವೇ ಬಲವನ್ನು ಸಾಗಿಸಿತು. ಆಟೊಮ್ಯಾಟಿಕ್ ಕಾರಿನ ‘ಟಾರ್ಕ್ ಕನ್ವರ್ಟರು’ ಎಂಬ ಭಾಗವು ಇದೇ ತತ್ತ್ವದ ಮೇಲೆ ನಡೆಯುವುದು. ಎಣ್ಣೆ ತುಂಬಿದ ದುಂಡನೆಯ ಪಾತ್ರೆಯೊಳಗೆ ಎದುರುಬದುರಾಗಿ ಎರಡು ರೆಕ್ಕೆಯ ಚಕ್ರಗಳಿರುವುವು. ಇಂಜಿನು ಒಂದನ್ನು ತಿರುಗಿಸಿದರೆ, ಎಣ್ಣೆಯ ಸೆಳೆತದಿಂದ ಇನ್ನೊಂದು ತಿರುಗುವುದು. ಇವೆರಡರ ನಡುವೆ ಇರುವ ಮೂರನೆಯ ಚಿಕ್ಕ ಚಕ್ರವು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ, ಗಾಡಿಯು ನಿಂತಲ್ಲಿಂದ ಹೊರಡುವಾಗ ಬಲವನ್ನು ಹೆಚ್ಚಿಸಿಕೊಡುವುದು. ಈ ಜಾರಾಟದಲ್ಲಿ ಎಣ್ಣೆಯು ಕಾಯುವುದೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಈ ಮಾತು ಬೇಕಾಗುವುದು.

ಟಾರ್ಕ್ ಕನ್ವರ್ಟರಿನ ಹಿಂದೆ ಗೇರುಗಳಿರುವುವು. ನಡುವೆ ಒಂದು ಸೂರ್ಯಚಕ್ರ, ಅದರ ಸುತ್ತ ಉರುಳುವ ಗ್ರಹಚಕ್ರಗಳು, ಅವನ್ನೆಲ್ಲ ಬಳಸಿದ ಹಲ್ಲಿನ ಬಳೆ. ಈ ಮೂರರಲ್ಲಿ ಯಾವುದನ್ನು ಹಿಡಿದು ನಿಲ್ಲಿಸಿದೆವು, ಯಾವುದನ್ನು ತಿರುಗಬಿಟ್ಟೆವು ಎಂಬುದರ ಮೇಲೆ ವೇಗವೂ ಬಲವೂ ಬದಲಾಗುವುವು. ಹಿಡಿಯುವ ಮತ್ತು ಬಿಡುವ ಕೆಲಸವನ್ನು ಎಣ್ಣೆಯ ಒತ್ತಡದಿಂದ ನಡೆಯುವ ಕ್ಲಚ್ಚುಗಳೂ ಪಟ್ಟಿಗಳೂ ಮಾಡುವುವು. ಪವರ್‌ಗ್ಲೈಡಿನಲ್ಲಿ ಮೊದಲ ಗೇರಿನ ಅನುಪಾತವು ೧.೭೬ ಅಥವಾ ೧.೮೨, ಎರಡನೆಯದು ನೇರ, ಎಂದರೆ ೧. ಇದು ಎರಡೇ ಮೆಟ್ಟಿಲುಗಳಿರುವ ಎತ್ತರದ ಜಗುಲಿಯನ್ನು ಹತ್ತಿದಂತೆ. ಹತ್ತಬಹುದು, ಆದರೆ ಮೊಣಕಾಲಿಗೆ ಶ್ರಮ.

ಲೆಕ್ಕ ಮಾಡಿ ನೋಡೋಣ. ಕಾರಿನ ಹಿಂದಿನ ಡಿಫರೆನ್ಷಿಯಲಿನ ಅನುಪಾತವು ೩.೩೬ ಎಂದೂ, ಟೈರಿನ ಅಡ್ಡಳತೆಯು ೨೭ ಅಂಗುಲವೆಂದೂ ಇಟ್ಟುಕೊಂಡರೆ, ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಇಂಜಿನು ನಿಮಿಷಕ್ಕೆ ಸುಮಾರು ೨,೬೦೦ ಸುತ್ತು ತಿರುಗಬೇಕಾಗುವುದು. ಅದೇ ಕಾರಿಗೆ ೦.೭೦ ಅನುಪಾತದ ಓವರ್‌ಡ್ರೈವ್ ಗೇರನ್ನು ಒದಗಿಸಿದರೆ ಸುಮಾರು ೧,೮೨೦ ಸುತ್ತು ಸಾಕು. ಮೂರು ಗಂಟೆಗಳ ಪ್ರಯಾಣದಲ್ಲಿ ಇದರಿಂದಾಗುವ ಉಳಿತಾಯವು ಒಂದು ಲಕ್ಷ ನಲವತ್ತು ಸಾವಿರ ಸುತ್ತುಗಳು. ಸದ್ದೂ ಸವೆತವೂ ಕಡಮೆಯಾಗುವುವು. ಹಿಂದೆ ಕುಳಿತ ಮುದುಕರೊಡನೆ ಕೂಗದೆ ಮಾತನಾಡಬಹುದು. ಆದುದರಿಂದ ಮಗನ ಮಾತು ಬರಿಯ ಹುಡುಗುತನವಲ್ಲ.

ಆದರೂ ಬಿಚ್ಚುವುದಕ್ಕೆ ಮೊದಲು, ಹಳೆಯ ಗೇರ್‌ಬಾಕ್ಸು ನಿಜವಾಗಿಯೂ ಕೆಟ್ಟಿದೆಯೇ ಎಂಬುದನ್ನು ನೋಡತಕ್ಕದ್ದು. ಕಡ್ಡಿಯನ್ನೆಳೆದು ಎಣ್ಣೆಯ ಮಟ್ಟವನ್ನೂ ಬಣ್ಣವನ್ನೂ ವಾಸನೆಯನ್ನೂ ಪರೀಕ್ಷಿಸಬೇಕು. ಎಣ್ಣೆಯು ಕೆಂಪಾಗಿ ತಿಳಿಯಾಗಿದ್ದರೆ ಒಳ್ಳೆಯದು. ಕಪ್ಪಾಗಿ ಸುಟ್ಟ ವಾಸನೆಯಿದ್ದರೆ ಒಳಗಿನ ಕ್ಲಚ್ಚುಗಳು ಸವೆದಿವೆಯೆಂದು ತಿಳಿಯಬೇಕು. ಹೊರಗೆ ಎಲ್ಲಿಯೂ ಸೋರಿಕೆ ಕಾಣದೆ ಎಣ್ಣೆಯು ಕಡಮೆಯಾಗುತ್ತಿದ್ದು, ಹೊಗೆಕೊಳವೆಯಿಂದ ಬಿಳಿಯ ಹೊಗೆ ಬರುತ್ತಿದ್ದರೆ, ‘ವ್ಯಾಕ್ಯೂಮ್ ಮಾಡ್ಯುಲೇಟರ್’ ಎಂಬ ಚಿಕ್ಕ ಡಬ್ಬಿಯೊಳಗಿನ ಪೊರೆಯು ಹರಿದಿರಬಹುದು. ಆಗ ಇಂಜಿನೇ ಗೇರ್‌ಬಾಕ್ಸಿನ ಎಣ್ಣೆಯನ್ನು ಹೀರಿ ಉರಿಸುತ್ತಿರುವುದು. ಆ ಡಬ್ಬಿಯನ್ನು ಬದಲಿಸುವುದು ಅಲ್ಪ ವೆಚ್ಚದ ಕೆಲಸ. ಹಲ್ಲುನೋವಿಗೆ ದವಡೆಯನ್ನೇ ಕೀಳಿಸುವವರಿಲ್ಲ. ಗಾಡಿಯು ಊರೊಳಗೆ ಮಾತ್ರ ಓಡಾಡುವುದಾದರೆ, ಹಳೆಯ ಗೇರ್‌ಬಾಕ್ಸನ್ನೇ ಬಿಚ್ಚಿ ಸರಿಪಡಿಸಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಉತ್ತಮವಾದ ಮಾರ್ಗವೆಂದು ನಮ್ಮ ಅಭಿಪ್ರಾಯ.

ಹೆದ್ದಾರಿಯ ಪ್ರಯಾಣವೇ ಬೇಕೆನ್ನುವವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ೧೯೬೯ ರಲ್ಲಿ ಬಂದ ‘ಟರ್ಬೊ ಹೈಡ್ರಮ್ಯಾಟಿಕ್ ೩೫೦’. ಇದರಲ್ಲಿ ಮೂರು ಗೇರುಗಳು: ೨.೫೨, ೧.೫೨ ಮತ್ತು ೧. ಇದರ ಬಾಲದ ಭಾಗವು ಬೇರೆ ಬೇರೆ ಉದ್ದಗಳಲ್ಲಿ ಬಂದಿರುವುದು. ಗಿಡ್ಡ ಬಾಲದ್ದನ್ನು ಆರಿಸಿಕೊಂಡರೆ ಒಟ್ಟು ಉದ್ದವು ಅಲ್ಯೂಮಿನಿಯಮ್ ಪವರ್‌ಗ್ಲೈಡಿನಷ್ಟೇ, ಎಂದರೆ ಸುಮಾರು ೨೭ ಮುಕ್ಕಾಲು ಅಂಗುಲವೇ ಆಗುವುದು. ಅಡ್ಡತೊಲೆಯನ್ನೂ ಪ್ರೊಪೆಲರ್ ಷಾಫ್ಟನ್ನೂ ಬದಲಿಸಬೇಕಾಗಿಲ್ಲ. ಗಾಡಿಯು ನಿಂತಲ್ಲಿಂದ ಹಗುರವಾಗಿ ಏಳುವುದು, ಏರನ್ನು ಸುಲಭವಾಗಿ ಹತ್ತುವುದು. ಆದರೆ ಓವರ್‌ಡ್ರೈವ್ ಇಲ್ಲದುದರಿಂದ ಹೆದ್ದಾರಿಯ ಸದ್ದು ಮೊದಲಿದ್ದಷ್ಟೇ ಇರುವುದು.

ಎರಡನೆಯದು, ೧೯೮೧ ರಲ್ಲಿ ಬಂದ ‘೨೦೦-೪-ಆರ್’. ಗೇರುಗಳು ನಾಲ್ಕು: ೨.೭೪, ೧.೫೭, ೧ ಮತ್ತು ೦.೬೭. ಇದರ ಉದ್ದವೂ ಪವರ್‌ಗ್ಲೈಡಿನ ಉದ್ದವೇ ಆದುದರಿಂದ ಪ್ರೊಪೆಲರ್ ಷಾಫ್ಟಿಗೆ ಕತ್ತರಿ ಬೀಳುವುದಿಲ್ಲ. ಆದರೆ ಇದು ಕುಳಿತುಕೊಳ್ಳುವ ಜಾಗವು ಹಿಂದಕ್ಕಿರುವುದರಿಂದ ಅಡ್ಡತೊಲೆಯನ್ನು ಸರಿಸಬೇಕಾಗುವುದು. ಮೂರನೆಯದು, ೧೯೮೨ ರಲ್ಲಿ ಬಂದ ‘೭೦೦-ಆರ್-೪’. ಗೇರುಗಳು ೩.೦೬, ೧.೬೩, ೧ ಮತ್ತು ೦.೭೦. ಇದರ ಉದ್ದ ೩೦ ಮುಕ್ಕಾಲು ಅಂಗುಲ. ಆದಕಾರಣ ಅಡ್ಡತೊಲೆಯನ್ನು ಹಿಂದಕ್ಕೆ ಸರಿಸುವುದಲ್ಲದೆ, ಪ್ರೊಪೆಲರ್ ಷಾಫ್ಟನ್ನು ಸುಮಾರು ಮೂರು ಅಂಗುಲ ಗಿಡ್ಡಮಾಡಿಸಿ, ಸಮತೂಕಕ್ಕೆ ತರಿಸಬೇಕು. ಮೊದಲ ವರ್ಷಗಳಲ್ಲಿ ಬಂದವು ಅಷ್ಟು ಗಟ್ಟಿಯಲ್ಲ. ೧೯೮೭ ರಿಂದ ಈಚಿನವನ್ನು ಆರಿಸುವುದು ಒಳ್ಳೆಯದು. ಈ ಎರಡರಲ್ಲಿಯೂ, ಹೆದ್ದಾರಿಯ ವೇಗ ಬಂದಾಗ ಟಾರ್ಕ್ ಕನ್ವರ್ಟರಿನ ಜಾರಾಟವನ್ನು ನಿಲ್ಲಿಸಿ ಎರಡು ಚಕ್ರಗಳನ್ನೂ ಒಂದಾಗಿ ಬಿಗಿಯುವ ಏರ್ಪಾಡುಂಟು. ಹಳೆಯ ಕಾರಿನಲ್ಲಿ ಅದಕ್ಕೆ ವಿದ್ಯುತ್ ತಂತಿಯನ್ನು ಹೊಸದಾಗಿ ಎಳೆಯಬೇಕು. ಎಳೆಯದೆ ಬಿಟ್ಟರೆ ಎಣ್ಣೆಯು ಅಗತ್ಯಕ್ಕಿಂತ ಹೆಚ್ಚಾಗಿ ಕಾಯುವುದು, ಪೆಟ್ರೋಲಿನ ಉಳಿತಾಯವೂ ಪೂರ್ತಿಯಾಗಿ ಕೈಗೆ ಬಾರದು.

ಕೊಳ್ಳುವಾಗ ಇನ್ನೊಂದು ಎಚ್ಚರ ಬೇಕು. ಒಂದೇ ಹೆಸರಿನ ಗೇರ್‌ಬಾಕ್ಸುಗಳಾದರೂ ಇಂಜಿನಿಗೆ ಕೂಡುವ ಮುಖವು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಷೆವರ್ಲೆಯ ವಿ-೮ ಇಂಜಿನುಗಳಿಗೆ ೧೯೫೫ ರಿಂದ ಬಂದ ಬೋಲ್ಟಿನ ವಿನ್ಯಾಸವು ಒಂದು. ಬ್ಯೂಕ್, ಓಲ್ಡ್ಸ್‌ಮೊಬೀಲ್, ಪಾಂಟಿಯಾಕ್ ಕಾರುಗಳ ವಿನ್ಯಾಸವು ಇನ್ನೊಂದು. ಚಿಕ್ಕ ವಿ-೬ ಇಂಜಿನುಗಳದು ಮತ್ತೊಂದು. ಹೆಸರನ್ನು ಮಾತ್ರ ಕೇಳಿ ಹಣ ಕೊಟ್ಟು, ಮನೆಗೆ ತಂದ ಮೇಲೆ ತೂತುಗಳು ಹೊಂದುವುದಿಲ್ಲವೆಂದು ತಿಳಿದವರುಂಟು. ಅಳತೆಕೋಲನ್ನು ಕೈಯಲ್ಲಿ ಹಿಡಿದೇ ಕೊಳ್ಳಬೇಕು.

ಇನ್ನು ಜೋಡಿಸುವ ಕೆಲಸದಲ್ಲಿ ಹೊಸ ಗೇರ್‌ಬಾಕ್ಸನ್ನು ಮೊದಲ ವಾರದಲ್ಲಿಯೇ ಕೊಲ್ಲುವ ಮೂರು ತಪ್ಪುಗಳನ್ನು ಹೇಳುವೆವು. ಒಂದನೆಯದು ಟಾರ್ಕ್ ಕನ್ವರ್ಟರಿನದು. ಅದು ಗೇರ್‌ಬಾಕ್ಸಿನ ಮುಂಭಾಗದ ಎಣ್ಣೆಯ ಪಂಪಿನೊಳಗೆ ಪೂರ್ತಿಯಾಗಿ ಕುಳಿತುಕೊಳ್ಳಬೇಕು. ಕೈಯಿಂದ ತಿರುಗಿಸುತ್ತ ಒಳಕ್ಕೆ ಒತ್ತಿದರೆ, ಒಂದೊಂದೇ ಹಂತವಾಗಿ ‘ಟಕ್’ ಎಂದು ಒಳಸರಿಯುವುದು. ಕೊನೆಯ ಹಂತಕ್ಕೆ ಮುನ್ನವೇ ಕುಳಿತಿತೆಂದು ಭಾವಿಸಿ ಗೇರ್‌ಬಾಕ್ಸನ್ನು ಬೋಲ್ಟುಗಳಿಂದ ಇಂಜಿನಿನತ್ತ ಎಳೆದರೆ ಪಂಪು ಒಡೆಯುವುದು. ಗೇರ್‌ಬಾಕ್ಸು ಇಂಜಿನಿಗೆ ಸರಿಯಾಗಿ ಒರಗಿದ ಮೇಲೂ, ಕನ್ವರ್ಟರಿಗೂ ಅದರ ಮುಂದಿನ ತೆಳುವಾದ ಫ್ಲೆಕ್ಸ್ ಪ್ಲೇಟಿಗೂ ನಡುವೆ ಮೂರರಿಂದ ಐದು ಮಿಲಿಮೀಟರಿನಷ್ಟು ಸಂದು ಉಳಿದಿರಬೇಕು. ಕನ್ವರ್ಟರು ಕೈಯಿಂದಲೇ ಸಲೀಸಾಗಿ ತಿರುಗುತ್ತಿರಬೇಕು. ಬೋಲ್ಟುಗಳಿಂದ ಎಳೆದು ಸೇರಿಸಬೇಕಾದ ಸ್ಥಿತಿ ಬಂದಿತೆಂದರೆ, ಅಲ್ಲಿಗೆ ಕೈ ನಿಲ್ಲಿಸಿ, ಗೇರ್‌ಬಾಕ್ಸನ್ನು ಹಿಂದಕ್ಕೆ ತೆಗೆಯತಕ್ಕದ್ದು.

ಎರಡನೆಯದು ಕೇಬಲ್ಲಿನದು. ೩೫೦ ರ ಗೇರ್‌ಬಾಕ್ಸಿಗೂ ಕಾರ್ಬ್ಯುರೇಟರಿಗೂ ನಡುವೆ ಒಂದು ಕೇಬಲ್ಲು ಇರುವುದು. ಅದರ ಕೆಲಸವು ವೇಗವರ್ಧಕವನ್ನು ಪೂರ್ತಿ ಒತ್ತಿದಾಗ ಕೆಳಗಿನ ಗೇರಿಗೆ ಇಳಿಸುವುದಷ್ಟೆ. ನಾಲ್ಕು ಗೇರಿನ ಎರಡು ಗೇರ್‌ಬಾಕ್ಸುಗಳಲ್ಲಿಯೂ ಅಂತಹುದೇ ಕೇಬಲ್ಲು ಕಾಣುವುದು. ಆದರೆ ಅಲ್ಲಿ ಅದರ ಕೆಲಸವು ಬೇರೆ: ಒಳಗಿನ ಎಣ್ಣೆಯ ಒತ್ತಡವು ಎಷ್ಟಿರಬೇಕೆಂಬುದನ್ನು ಇಂಜಿನಿನ ಶ್ರಮಕ್ಕೆ ತಕ್ಕಂತೆ ನಿರ್ಣಯಿಸುವುದು ಅದೇ. ನೋಟಕ್ಕೆ ಒಂದೇ ಆಗಿರುವುದರಿಂದ ಅನೇಕರು ಇದನ್ನು ಅಲಕ್ಷ್ಯಮಾಡುವರು. ಕೇಬಲ್ಲು ಸಡಿಲವಾಗಿದ್ದರೆ ಒತ್ತಡವು ಸಾಲದೆ ಕ್ಲಚ್ಚುಗಳು ಜಾರುವುವು, ಜಾರಿದುವು ಕಾಯುವುವು, ಕಾದುವು ಸುಟ್ಟುಹೋಗುವುವು. ಇದಕ್ಕೆ ತಿಂಗಳುಗಳು ಬೇಕಿಲ್ಲ. ಆದುದರಿಂದ ಕಾರ್ಬ್ಯುರೇಟರಿಗೆ ಹೊಂದುವ ಸರಿಯಾದ ಕೊಂಡಿಯನ್ನೇ ಹಾಕಿಸಿ, ಒತ್ತಡವನ್ನು ಅಳೆಯುವ ಮಾಪಕವನ್ನು ಜೋಡಿಸಿ ನೋಡಿದ ಹೊರತು ಗಾಡಿಯನ್ನು ರಸ್ತೆಗೆ ತರಬಾರದು.

ಮೂರನೆಯದು ಎಣ್ಣೆಯನ್ನು ತಣಿಸುವ ಏರ್ಪಾಡಿನದು. ಜಾರಾಟದಿಂದ ಎಣ್ಣೆಯು ಕಾಯುವುದೆಂದು ಮೇಲೆ ಹೇಳಿದೆವಷ್ಟೆ. ಆ ಬಿಸಿಯನ್ನು ಕಳೆಯಲು ಎಣ್ಣೆಯು ರೇಡಿಯೇಟರಿನೊಳಗಿನ ಒಂದು ಕೊಳವೆಯ ಮೂಲಕ ಸುತ್ತಿ ಬರುವುದು. ಹಳೆಯ ಗೇರ್‌ಬಾಕ್ಸು ಸವೆದು ಸತ್ತಿದ್ದರೆ, ಅದರ ಲೋಹದ ಪುಡಿಯೂ ಕ್ಲಚ್ಚಿನ ಚೂರುಗಳೂ ಆ ಕೊಳವೆಯಲ್ಲಿ ಉಳಿದಿರುವುವು. ಅದನ್ನು ಚೆನ್ನಾಗಿ ತೊಳೆಯದೆ ಹೊಸದನ್ನು ಜೋಡಿಸುವುದೆಂದರೆ, ಬಾವಿಯ ಕೊಳೆಯನ್ನು ತೆಗೆಯದೆ ಹೊಸ ಕೊಡವನ್ನು ಕೊಂಡಂತೆ. ತೊಳೆದರೂ ಸಂದೇಹವಿದ್ದರೆ ತಣಿಸುವ ಭಾಗವನ್ನೇ ಹೊಸದಾಗಿ ಹಾಕಿಸುವುದು ಲೇಸು. ಎಣ್ಣೆಯನ್ನು ತುಂಬುವಾಗಲೂ ಒಮ್ಮೆಲೇ ಸುರಿಯದೆ, ಸ್ವಲ್ಪ ತುಂಬಿ ಇಂಜಿನನ್ನು ನಡೆಯಿಸಿ ಮತ್ತೆ ತುಂಬುತ್ತ ಹೋಗಬೇಕು. ಎಣ್ಣೆಯು ಬಿಸಿಯಾದ ಮೇಲೆ, ಸಮನಾದ ನೆಲದಲ್ಲಿ, ಇಂಜಿನು ನಡೆಯುತ್ತಿರುವಾಗಲೇ ಮಟ್ಟವನ್ನು ನೋಡತಕ್ಕದ್ದು.

ಮನೆಯವರ ಸುರಕ್ಷಿತತೆಗೆ ಸಂಬಂಧಿಸಿದ ಮಾತುಗಳನ್ನು ಪ್ರತ್ಯೇಕವಾಗಿ ಹೇಳುವೆವು. ಪವರ್‌ಗ್ಲೈಡಿನ ಸನ್ನೆಗೋಲಿನ ಬಳಿ ಇರುವ ಗುರುತುಗಳು ಐದು: ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, ಲೋ. ಹೊಸ ಗೇರ್‌ಬಾಕ್ಸಿಗೆ ಸ್ಥಾನಗಳು ಹೆಚ್ಚು. ಕೋಲು ‘ಪಾರ್ಕ್’ ಎಂದು ತೋರಿಸುತ್ತಿದ್ದು, ಒಳಗೆ ಬೀಗವು ಪೂರ್ತಿಯಾಗಿ ಬೀಳದೆ ಇದ್ದರೆ, ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯು ತಾನಾಗಿ ಉರುಳುವುದು. ಮನೆಯ ಮುಂದೆ ಮಕ್ಕಳು ಆಡುತ್ತಿರುವ ಸ್ಥಳದಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಪ್ರತಿಯೊಂದು ಗುರುತೂ ಒಳಗಿನ ಸ್ಥಾನಕ್ಕೆ ಸರಿಹೊಂದಿದೆಯೇ ಎಂಬುದನ್ನು ಗಾಡಿಯ ಕೆಳಗಿನಿಂದಲೂ ಮೇಲಿನಿಂದಲೂ ಇಬ್ಬರು ನೋಡಿ ನಿಶ್ಚಯಿಸಬೇಕು. ಪಾರ್ಕ್ ಮತ್ತು ನ್ಯೂಟ್ರಲ್ ಈ ಎರಡರಲ್ಲಿ ಹೊರತು ಬೇರೆ ಯಾವ ಸ್ಥಾನದಲ್ಲಿಯೂ ಇಂಜಿನು ಹೊತ್ತಿಕೊಳ್ಳಕೂಡದು. ಇದಕ್ಕಾಗಿ ಇರುವ ಸ್ವಿಚ್ಚನ್ನು, ಆಮೇಲೆ ನೋಡೋಣವೆಂದು ಬಿಟ್ಟುಬಿಡಬಾರದು. ಕೈಬ್ರೇಕು ಸರಿಯಾಗಿರಬೇಕು.

ಕೆಲಸ ಮಾಡುವಾಗಿನ ಅಪಾಯವೂ ಸಣ್ಣದಲ್ಲ. ಗೇರ್‌ಬಾಕ್ಸು ಒಬ್ಬ ಮನುಷ್ಯನಷ್ಟು ಭಾರವುಳ್ಳದ್ದು. ಎದೆಯ ಮೇಲೆ ಇಳಿಸಿಕೊಳ್ಳತಕ್ಕ ವಸ್ತುವಲ್ಲ. ಅದನ್ನು ಇಳಿಸಲೆಂದೇ ಮಾಡಿದ ಜಾಕನ್ನು ಬಾಡಿಗೆಗೆ ತರಬೇಕು. ಗಾಡಿಯ ಭಾರವನ್ನು ಜಾಕಿನ ಮೇಲೆ ಬಿಟ್ಟು ಯಾರೂ ಅದರ ಕೆಳಗೆ ನುಗ್ಗಬಾರದು. ಗಟ್ಟಿಯಾದ ನೆಲದ ಮೇಲೆ, ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಗಾಡಿಯನ್ನು ನಿಲ್ಲಿಸಬೇಕು. ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿನಲ್ಲಿ ಈ ಕೆಲಸಕ್ಕೆ ತೊಡಗುವುದು ಜಾಣತನವಲ್ಲ. ತಂದೆಯೂ ಮಗನೂ ಒಟ್ಟಾಗಿ ಮಾಡುವುದಾದರೆ, ಕೆಳಗೆ ಮಲಗಿದವನ ಮಾತಿನಂತೆ ಮೇಲಿನವನು ನಡೆಯಬೇಕು. ವಯಸ್ಸಿನ ಹಿರಿತನವು ಅಲ್ಲಿ ಲೆಕ್ಕಕ್ಕಿಲ್ಲ.

ಇದಕ್ಕಿಂತಲೂ ಮಿಗಿಲಾದ ಮಾತೊಂದಿದೆ. ಓಡುವ ಶಕ್ತಿಯನ್ನು ಹೆಚ್ಚಿಸುವ ಮುನ್ನ ನಿಲ್ಲುವ ಶಕ್ತಿಯನ್ನು ನೋಡಿಕೊಳ್ಳಬೇಕು. ೧೯೬೫ ರ ಇಂಪಾಲಾ ಕಾರಿನ ನಾಲ್ಕು ಚಕ್ರಗಳ ಬ್ರೇಕುಗಳಿಗೂ ಎಣ್ಣೆಯು ಒಂದೇ ಕೋಣೆಯ ಮಾಸ್ಟರ್ ಸಿಲಿಂಡರಿನಿಂದ ಹೋಗುವುದು. ಎಲ್ಲಿಯಾದರೂ ಒಂದು ಕಡೆ ಕೊಳವೆಯು ಒಡೆದರೆ ನಾಲ್ಕೂ ಬ್ರೇಕುಗಳು ಒಟ್ಟಿಗೆ ಕೈಕೊಡುವುವು. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಕೋಣೆಗಳಿರುವ ಸಿಲಿಂಡರು ಅಮೆರಿಕದ ಕಾರುಗಳಲ್ಲಿ ೧೯೬೭ ರ ಮಾದರಿಯಿಂದ ಸಾಮಾನ್ಯವಾಯಿತು. ಗೇರ್‌ಬಾಕ್ಸಿಗಾಗಿ ಕೂಡಿಟ್ಟ ಹಣದಲ್ಲಿ ಮೊದಲ ಪಾಲು ಬ್ರೇಕಿಗೆ ಸಲ್ಲತಕ್ಕದ್ದು. ಮನೆಯವರೆಲ್ಲರನ್ನೂ ಕೂಡಿಸಿಕೊಂಡು ಹೆದ್ದಾರಿಗೆ ಹೋಗಬೇಕೆಂಬುದೇ ಈ ಬದಲಾವಣೆಯ ಉದ್ದೇಶವಾದ ಮೇಲೆ, ಇದನ್ನು ಮರೆಯುವುದು ಹೇಗೆ?

ಈಗ ಮಿತ್ರರ ಆಕ್ಷೇಪಣೆಗೆ ಬರೋಣ. ಅವರ ಭಯವು ನಿರಾಧಾರವಾದುದಲ್ಲ. ಅತ್ಯುತ್ಸಾಹದಿಂದ ಚಾಸಿಯನ್ನು ಕತ್ತರಿಸಿ, ನೆಲದ ತಗಡನ್ನು ಸುತ್ತಿಗೆಯಿಂದ ಬಡಿದು, ಹಳೆಯ ಗೇರ್‌ಬಾಕ್ಸನ್ನು ಗುಜರಿಗೆ ಹಾಕಿದ ಮೇಲೆ, ಆ ಕಾರು ಹಳೆಯದೂ ಅಲ್ಲ, ಹೊಸದೂ ಅಲ್ಲ ಎಂಬಂತಾಗಿರುವುದನ್ನು ಕಾಣಬಹುದು. ಆದರೆ ಹಳೆಯ ವಾಹನಗಳ ರಕ್ಷಣೆಗಾಗಿ ೧೯೬೬ ರಲ್ಲಿ ಸ್ಥಾಪಿತವಾದ ‘ಫಿವಾ’ ಎಂಬ ಅಂತರರಾಷ್ಟ್ರೀಯ ಒಕ್ಕೂಟವು ೨೦೧೨ ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಕೂಡ ಬಳಕೆಯನ್ನು ನಿಷೇಧಿಸುವುದಿಲ್ಲ. ಬಳಕೆಗಾಗಿ ಬದಲಾವಣೆ ಅನಿವಾರ್ಯವಾದರೆ ಅದು ಆದಷ್ಟು ಕಡಮೆಯಾಗಿರಲಿ, ಮರಳಿ ಮೊದಲಿನಂತೆ ಮಾಡಲು ಬರುವಂತಿರಲಿ, ತೆಗೆದ ಮೂಲಭಾಗಗಳನ್ನು ವಾಹನದೊಡನೆ ಕಾದಿಡಲಿ ಎಂಬುದೇ ಅದರ ಭಾವ. ನಾವು ಮೊದಲಲ್ಲಿ ಹೇಳಿದ ಕಲಾಯಿಯ ನ್ಯಾಯವೂ ಇದೇ. ಅದೂ ಅಲ್ಲದೆ, ೧೯೬೫ ರ ಒಂದು ವರ್ಷದ ಮಾದರಿಯಲ್ಲಿಯೇ ಹತ್ತು ಲಕ್ಷಕ್ಕಿಂತ ಹೆಚ್ಚು ಇಂಪಾಲಾ ಕಾರುಗಳು ತಯಾರಾದುವು. ಜಗತ್ತಿನಲ್ಲಿ ಒಂದೋ ಎರಡೋ ಉಳಿದಿರುವ ವಾಹನಕ್ಕೆ ಸಲ್ಲುವ ಕಟ್ಟುನಿಟ್ಟು ಇದಕ್ಕೆ ಸಲ್ಲುವುದಿಲ್ಲ.

ನಮ್ಮ ದೇಶದಲ್ಲಿ ಹಳೆಯ ಕಾರುಗಳನ್ನು ಇಟ್ಟುಕೊಂಡಿರುವ ಗೃಹಸ್ಥರು ಕಾಯಿದೆಯನ್ನೂ ಗಮನಿಸಬೇಕು. ವಾಹನದ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಗೊತ್ತುಮಾಡಿದುದಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸುವುದನ್ನು ೧೯೮೮ ರ ಮೋಟಾರು ವಾಹನಗಳ ಕಾಯಿದೆಯ ೫೨ ನೆಯ ಪ್ರಕರಣವು ತಡೆಯುತ್ತದೆ. ೨೦೨೧ ರಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮಗಳಲ್ಲಿ, ಮೊದಲ ನೋಂದಣಿಯಾಗಿ ೫೦ ವರ್ಷ ಮೀರಿ, ಮೂಲರೂಪದಲ್ಲಿಯೇ ಕಾಪಾಡಲ್ಪಟ್ಟ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಗೆ ಅವಕಾಶವನ್ನು ಕೊಟ್ಟಿದೆ. ಮೂಲರೂಪವನ್ನು ಕೆಡಿಸಿಕೊಂಡವರಿಗೆ ಆ ಮನ್ನಣೆಯು ಕೈತಪ್ಪಬಹುದು. ಆದುದರಿಂದ ಬಿಚ್ಚುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ವಿ‌ಚಾರಿಸಿ, ಸಿಕ್ಕ ಉತ್ತರವನ್ನು ಬರೆಹದಲ್ಲಿ ಪಡೆದುಕೊಳ್ಳುವುದು ಕ್ಷೇಮಕರ.

ಒಟ್ಟಿನಲ್ಲಿ ನಮ್ಮ ಸಲಹೆಯು ಹೀಗಿದೆ. ಹಳೆಯದು ರಿಪೇರಿಯಿಂದ ಸರಿಹೋಗುವುದಾದರೆ, ಊರೊಳಗಿನ ಬಳಕೆಗೆ ಅದೇ ಇರಲಿ. ದೂರದ ಪ್ರಯಾಣವೇ ಬೇಕಾದರೆ, ಕತ್ತರಿಯ ಕೆಲಸ ಕಡಮೆಯಾಗಿರುವ ೨೦೦-೪-ಆರ್ ಗೇರ್‌ಬಾಕ್ಸನ್ನು ಮೊದಲು ಪರಿಶೀಲಿಸಲಿ. ಮಿತವಾದ ಬಲದ ಇಂಜಿನಿಗೆ ಅದು ಸಾಲುವುದು. ೭೦೦-ಆರ್-೪ ನ್ನೇ ಆರಿಸಿದರೆ, ಹಳೆಯ ಪ್ರೊಪೆಲರ್ ಷಾಫ್ಟನ್ನು ಕತ್ತರಿಸದೆ ಎತ್ತಿಟ್ಟು, ಗಿಡ್ಡವಾದ ಬೇರೊಂದನ್ನು ಮಾಡಿಸಲಿ. ಅಡ್ಡತೊಲೆಯನ್ನು ಬೆಸೆಯದೆ ಬೋಲ್ಟಿನಿಂದ ಕೂಡಿಸಲಿ. ನೆಲದ ತಗಡನ್ನು ಮುಟ್ಟದಿರಲಿ. ತೆಗೆದ ಪವರ್‌ಗ್ಲೈಡಿನ ಎಣ್ಣೆಯನ್ನು ಬಸಿದು, ತೂತುಗಳನ್ನು ಮುಚ್ಚಿ, ಒಣಗಿದ ಜಾಗದಲ್ಲಿ ಇಡಲಿ. ಯಾವ ದಿನ ಏನನ್ನು ತೆಗೆದೆವು, ಏನನ್ನು ಹಾಕಿದೆವು, ಅದರ ಸಂಖ್ಯೆಗಳೇನು ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು, ತೆಗೆದ ಬೋಲ್ಟುಗಳನ್ನು ಚೀಟಿ ಹಚ್ಚಿದ ಡಬ್ಬಿಗಳಲ್ಲಿ ಕೂಡಿಡಲಿ.

ಹಿರಿಯರ ವಸ್ತುವಿಗೆ ನಾವು ಒಡೆಯರಲ್ಲ, ಸ್ವಲ್ಪ ಕಾಲದ ಕಾವಲುಗಾರರು ಮಾತ್ರ. ಮುಂದೆ ಮೊಮ್ಮಗನೊಬ್ಬನು ಆ ಪುಸ್ತಕವನ್ನು ತೆರೆದು, ಇದನ್ನು ಅಜ್ಜನ ಕಾಲದಲ್ಲಿದ್ದಂತೆಯೇ ಮಾಡುವೆನೆಂದು ಹೊರಟರೆ, ಒಂದು ವಾರದ ಶ್ರಮದಿಂದ ಹಾಗೆ ಮಾಡಲು ಸಾಧ್ಯವಿರಬೇಕು. ಆ ಬಾಗಿಲನ್ನು ಮುಚ್ಚದೆ ಮಾಡಿದ ಬದಲಾವಣೆಯು ವಸ್ತುವಿಗೂ ಒಳ್ಳೆಯದು, ಅದನ್ನು ಬಳಸುವ ಮನೆಗೂ ಒಳ್ಳೆಯದು.